ಅಮ್ಮನ ಕಪಾಟಿನ ಏಳು ಡಬ್ಬ: ಮುಂದುವರಿಸುವುದೋ, ನಿಲ್ಲಿಸಿ ಕಷಾಯಕ್ಕೆ ಮರಳುವುದೋ?

ಹೊಸನಗರದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿ, ನಾನು ಕೆಲಸದ ಮೇಲೆ ಶಿವಮೊಗ್ಗದಲ್ಲಿದ್ದೇನೆ. ಅಮ್ಮನಿಗೆ ಅರವತ್ತು ದಾಟಿದೆ, ಶುದ್ಧ ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ, ಜೊತೆಗೆ ಥೈರಾಯ್ಡ್ ಮಾತ್ರೆಯೂ ಇದೆ. ಈಚೆಗೆ ಎರಡೂ ಪಾದ ಜುಂ ಎನ್ನುತ್ತವೆ, ರಾತ್ರಿ ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಹಬ್ಬಕ್ಕೆ ಊರಿಗೆ ಹೋದಾಗ ಕಪಾಟು ತೆಗೆದು ನೋಡಿದರೆ ಏಳು ಡಬ್ಬಗಳು. ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಒಮೆಗಾ-3, ಅರಿಶಿನದ ಕ್ಯಾಪ್ಸೂಲ್, ಅಶ್ವಗಂಧ, ತೂಕ ಇಳಿಸುವ ಗಾರ್ಸಿನಿಯಾ, ಬೆಳಗಿನ ತಿಂಡಿಯ ಬದಲಿಗೆ ಕಲಸಿ ಕುಡಿಯುವ ಒಂದು ಪುಡಿ. ಎಲ್ಲವನ್ನೂ ಕೊಡಿಸಿದವರು ನಮ್ಮ ನೆಂಟರೇ. ತಿಂಗಳ ಖರ್ಚು ಕೇಳಿ ನನಗೆ ಎದೆ ಧಸಕ್ಕೆಂದಿತು. ತಮ್ಮನಂತೂ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕು, ಜೀರಿಗೆ ಕಷಾಯ, ಒಂದೆಲಗದ ತಂಬುಳಿ, ದಿನಾ ಒಂದು ಸುತ್ತು ನಡಿಗೆ ಸಾಕು ಎಂದು ಪಟ್ಟು ಹಿಡಿದಿದ್ದಾನೆ. ಅಮ್ಮ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ತೋಟದ ಮನೆ, ಸಾಗರ

ನಿಮ್ಮ ತಮ್ಮ ಹೇಳಿದ್ದೇ ಸರಿ, ತಂಗಿ. ನಮ್ಮ ಹಿರಿಯರು ಯಾವ ಡಬ್ಬ ನುಂಗಿದ್ದರು? ಸೊಪ್ಪು, ಕಳಲೆ, ಕೆಸು, ಹಲಸು ತಿಂದು ತೊಂಬತ್ತು ವರ್ಷ ಬದುಕಿದರು.

ಸೊರಬದ ಆಶಾ

ಅಣ್ಣ, ತೊಂಬತ್ತು ಬದುಕಿದವರು ನಿಮಗೆ ನೆನಪಿದ್ದಾರೆ. ಹೆರಿಗೆಯಲ್ಲಿ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ನಾನು ಮನೆಮನೆಗೆ ಹೋಗುವವಳು, ರಕ್ತಹೀನತೆಯಿಂದ ಮುಖ ಬಿಳುಚಿಕೊಂಡ ಬಸುರಿಯರನ್ನು ನೋಡುತ್ತೇನೆ. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದು ತೆಗೆದುಕೊಳ್ಳಬೇಕು. ಅದೂ ಡಬ್ಬದ ಮಾತ್ರೆಯೇ ಅಲ್ಲವೇ? ಬಸಳೆ, ಹರಿವೆ ತಿನ್ನಿ ಎಂದೂ ಹೇಳುತ್ತೇನೆ, ಮಾತ್ರೆಯನ್ನೂ ನನ್ನ ಕಣ್ಣೆದುರೇ ನುಂಗಿಸುತ್ತೇನೆ. ಕಾಫಿ ಕುಡಿದ ಮೇಲೆ ಮಾತ್ರೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆ ಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಹತ್ತುತ್ತದೆ.

ಔಷಧಿ ಅಂಗಡಿ, ಶಿವಮೊಗ್ಗ

ಹೊಸನಗರದ ಮಗಳೇ, ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಡಬ್ಬಗಳಲ್ಲ, ಪಾದ ಜುಂ ಎನ್ನುವುದು. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ನರಗಳಿಗೆ ಬೇಕಾದ ವಿಟಮಿನ್ ಬಿ12 ಕಡಿಮೆಯಾಗುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಸಸ್ಯಾಹಾರಿಗಳಿಗೆ ಮೊದಲೇ ಅದು ಕಡಿಮೆ. ವಯಸ್ಸಾದ ಮೇಲೆ ಜಠರದ ಆಮ್ಲ ಇಳಿದು ಊಟದಲ್ಲಿ ಇದ್ದಷ್ಟೂ ಹೀರಿಕೊಳ್ಳುವುದಿಲ್ಲ. ಇದರ ಮೇಲೆ ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಇನ್ನೂ ಇಳಿಯುತ್ತದೆ. ಸಕ್ಕರೆಯಿಂದಲೂ ಪಾದ ಜುಂ ಎನ್ನಬಹುದು, ಬಿ12 ಇಲ್ಲದೆಯೂ ಎನ್ನಬಹುದು. ಎರಡನ್ನೂ ಬೇರ್ಪಡಿಸಿ ಹೇಳುವುದು ರಕ್ತ ಪರೀಕ್ಷೆ ಮತ್ತು ವೈದ್ಯರು. ನರ ಬಹಳ ಕಾಲ ಹಾಳಾದರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆದ್ದರಿಂದ ತಡಮಾಡಬೇಡಿ.

ಎರಡನೆಯದು: ಥೈರಾಯ್ಡ್ ಮಾತ್ರೆಯನ್ನು ಅಮ್ಮ ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತಾರೆ, ಕ್ಯಾಲ್ಸಿಯಂ ಎಷ್ಟು ಹೊತ್ತಿಗೆ?

ಹೊಸನಗರದ ಮಗಳು

ಎರಡನ್ನೂ ಬೆಳಿಗ್ಗೆ ಒಟ್ಟಿಗೆ, ಮರೆಯಬಾರದು ಎಂದು. ಕಳೆದ ಸಲ ರಕ್ತ ಪರೀಕ್ಷೆಯಲ್ಲಿ ಟಿಎಸ್ಎಚ್ (ಥೈರಾಯ್ಡ್ ಸಾಲದಾದಾಗ ಏರುವ ಹಾರ್ಮೋನು) ಜಾಸ್ತಿ ಬಂದು ಮಾತ್ರೆಯ ಪ್ರಮಾಣ ಏರಿಸಿದ್ದರು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಔಷಧಿ ಅಂಗಡಿ, ಶಿವಮೊಗ್ಗ

ಇರುವ ಸಾಧ್ಯತೆ ಬಹಳ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ, ಅದು ರಕ್ತಕ್ಕೆ ಸೇರುವುದಿಲ್ಲ. ನಡುವೆ ನಾಲ್ಕು ಗಂಟೆ ಅಂತರ ಬೇಕು. ಮಲ್ಟಿವಿಟಮಿನ್‌ನಲ್ಲೂ ಇವೆರಡು ಇರುತ್ತವೆ, ಅದಕ್ಕೂ ಅದೇ ಮಾತು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಆದ್ದರಿಂದ ಥೈರಾಯ್ಡ್ ಇದ್ದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ಏಳೂ ಡಬ್ಬಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮೇಜಿನ ಮೇಲಿಡಿ. ಬಾಯಲ್ಲಿ ಹೇಳಿದರೆ ಎರಡು ಮೂರು ತಪ್ಪಿಹೋಗುತ್ತವೆ.

ಕಾನಿನವ, ಸಿದ್ದಾಪುರ ಗಡಿ

ಗಾರ್ಸಿನಿಯಾ ಎಂದು ಓದಿ ಸುಮ್ಮನಿರಲಾಗಲಿಲ್ಲ. ಅದು ನಮ್ಮ ಉಪ್ಪಾಗೆ! ಜೂನ್, ಜುಲೈನಲ್ಲಿ ಕಾಡಿನಲ್ಲಿ ಹಳದಿಯಾಗಿ ಉದುರುವ ಹಣ್ಣು. ನಮ್ಮ ಕಡೆ ಮಳೆಗಾಲದಲ್ಲಿ ಎಷ್ಟೋ ಕೂಲಿ ಮನೆಗಳಿಗೆ ಅದೇ ಆದಾಯ. ಜಿಗಣೆ ಕಚ್ಚಿಸಿಕೊಂಡು ಹೆಕ್ಕಿ ತರುವುದು, ಸೀಳಿ ಬೀಜ ತೆಗೆಯುವುದು, ಬಿಸಿಲೇ ಇಲ್ಲದ ಕಾಲವಾದ್ದರಿಂದ ಬಿದಿರಿನ ತಟ್ಟಿಯ ಮೇಲೆ ಹರಡಿ ಕೆಳಗೆ ಬೆಂಕಿ ಹಾಕಿ ರಾತ್ರಿಯಿಡೀ ಒಣಗಿಸುವುದು. ಸಿಪ್ಪೆ ಕರ್ರಗಾಗಿ ಮುದುಡುವವರೆಗೆ ಮಗುಚುತ್ತಲೇ ಇರಬೇಕು. ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿರುತ್ತದೆ. ಒಂದು ಚೀಲ ಒಣಗಿಸಲು ಸುಡುವ ಸೌದೆ ನೋಡಿದರೆ ಕಾಡಿನ ಗತಿ ಏನು ಎಂದು ಸಂಕಟವಾಗುತ್ತದೆ. ಆ ಸಿಪ್ಪೆ ವ್ಯಾಪಾರಿಯ ಕೈ ಸೇರಿ, ಕಾರ್ಖಾನೆಗೆ ಹೋಗಿ, ಹೈಡ್ರಾಕ್ಸಿಸಿಟ್ರಿಕ್ ಆಮ್ಲವಾಗಿ ಕ್ಯಾಪ್ಸೂಲಿಗೆ ಸೇರುತ್ತದೆ. ಈಗ ಹೊಸನಗರದ ಒಬ್ಬ ತಾಯಿ ಅದನ್ನು ದುಡ್ಡು ಕೊಟ್ಟು ನುಂಗುತ್ತಿದ್ದಾರೆ ಎಂದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆಯಲ್ಲಿ ಉಪ್ಪಾಗೆಯ ಬೀಜದಿಂದ ತುಪ್ಪ ತೆಗೆಯುತ್ತಾರೆ, ಸಿಪ್ಪೆ ಸಾರಿಗೆ ಹುಳಿ. ಕೊಡಗಿನವರ ಕಾಚಂಪುಳಿಯೂ ಇದರದ್ದೇ. ತೂಕ ಇಳಿಯುತ್ತದೆ ಎಂದು ನಾವು ಯಾರೂ ತಿಂದದ್ದಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ತೂಕ ಇಳಿಯುವುದೂ ಇಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. 135 ಸ್ಥೂಲಕಾಯದವರು, 12 ವಾರ. ಅರ್ಧ ಜನಕ್ಕೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಸತ್ವವಿಲ್ಲದ ಹುಸಿ ಮಾತ್ರೆ. ಹುಸಿ ಮಾತ್ರೆಯವರಿಗಿಂತ ಇವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಮೇಲಾಗಿ ಗಾರ್ಸಿನಿಯಾ ಇರುವ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಈ ಏಳರಲ್ಲಿ ಮೊದಲು ಹೊರಗೆ ಹೋಗಬೇಕಾದದ್ದು ಅದೇ.

ಆರೋಗ್ಯ ಮಿತ್ರ, ಭದ್ರಾವತಿ

ನಾನೂ ಇಂಥ ಉತ್ಪನ್ನಗಳನ್ನು ಮಾರುತ್ತೇನೆ, ಬಚ್ಚಿಡುವುದಿಲ್ಲ. ಎಲ್ಲ ಮಾರಾಟಗಾರರನ್ನೂ ಕಳ್ಳರಂತೆ ನೋಡಬೇಡಿ. ಈಗಿನ ಅಕ್ಕಿ, ತರಕಾರಿಯಲ್ಲಿ ಮೊದಲಿನ ಸತ್ವವಿಲ್ಲ. ಗೊಬ್ಬರ, ಔಷಧಿ ಹೊಡೆದು ಬೆಳೆದದ್ದು. ಊಟದಿಂದ ಸಿಗದ್ದನ್ನು ಎಲ್ಲಿಂದ ತುಂಬಿಸಿಕೊಳ್ಳುತ್ತೀರಿ? ನನ್ನ ಬಳಿ ತೆಗೆದುಕೊಂಡವರು ಚೆನ್ನಾಗಿದ್ದಾರೆ. ಮಂಗನ ಕಾಯಿಲೆಯ ಸಮಯದಲ್ಲಿ ರೋಗನಿರೋಧಕ ಶಕ್ತಿಯ ಪುಡಿ ಕೇಳಿಕೊಂಡು ಸಾಗರ, ಹೊಸನಗರದಿಂದ ಜನ ಬಂದಿದ್ದರು.

ಸೊರಬದ ಆಶಾ

ಅಣ್ಣ, ಇದೊಂದು ಮಾತನ್ನು ದಯವಿಟ್ಟು ಎಲ್ಲೂ ಹೇಳಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ ಬರುವ ವೈರಸ್. ಯಾವ ಪುಡಿಯೂ ಅದನ್ನು ತಡೆಯುವುದಿಲ್ಲ. ಕಾಡಿಗೆ ಹೋಗುವಾಗ ಮೈಗೆ ಉಣುಗು ನಿರೋಧಕ ಎಣ್ಣೆ, ಮೈ ಮುಚ್ಚುವ ಬಟ್ಟೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಮಂಗ ಸತ್ತದ್ದು ಕಂಡರೆ ಆರೋಗ್ಯ ಇಲಾಖೆಗೆ ಸುದ್ದಿ, ಜ್ವರ ಬಂದರೆ ಆ ದಿನವೇ ಆಸ್ಪತ್ರೆ. ಪುಡಿ ಕುಡಿದಿದ್ದೇನೆ, ನನಗೇನೂ ಆಗುವುದಿಲ್ಲ ಎಂದು ಒಬ್ಬರು ಎಣ್ಣೆ ಹಚ್ಚಿಕೊಳ್ಳದೆ ಸೊಪ್ಪಿಗೆ ಹೋದರೂ ಜೀವಕ್ಕೆ ಅಪಾಯ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಮಿತ್ರರೇ, ನೀವು ಮಾರುವ ಡಬ್ಬವನ್ನೇ ತಿರುಗಿಸಿ ಓದಿ. 2016ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅದರ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಅರ್ಥದ ಸಾಲು ಇರಲೇಬೇಕು. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ತೆಗೆದುಕೊಂಡವರು ಚೆನ್ನಾಗಿದ್ದಾರೆ ಎಂದಿರಿ. ತೆಗೆದುಕೊಳ್ಳದವರನ್ನು ಪಕ್ಕದಲ್ಲಿಟ್ಟು ನೋಡಿದ್ದೀರಾ? ಅಮೆರಿಕದಲ್ಲಿ ಹಾಗೆ ನೋಡಿದರು. 25,871 ಜನ, ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಮತ್ತು ಮೀನೆಣ್ಣೆ, ಐದು ವರ್ಷಕ್ಕೂ ಮಿಕ್ಕಿದ ಪರೀಕ್ಷೆ. ಆರೋಗ್ಯವಾಗಿದ್ದವರಲ್ಲಿ ಕ್ಯಾನ್ಸರೂ ಕಡಿಮೆಯಾಗಲಿಲ್ಲ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಒಟ್ಟು ಲೆಕ್ಕವೂ ಇಳಿಯಲಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿಗಳನ್ನು ಸೇರಿಸಿಕೊಂಡ ಪ್ರಯೋಗದ ಫಲ 1994ರಲ್ಲಿ ಹೊರಬಂತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಗಜ್ಜರಿಯಲ್ಲಿ ಇರುವುದೂ ಅದೇ ವಸ್ತು, ಅದನ್ನು ತಿಂದವರಿಗೆ ಈ ತೊಂದರೆ ಇಲ್ಲ.

ತೋಟದ ಮನೆ, ಸಾಗರ

ನೋಡಿ, ಮೇಷ್ಟ್ರೇ ಹೇಳಿದರು. ನಾನು ಹೇಳಿದ್ದೂ ಅದನ್ನೇ. ಪ್ರಕೃತಿಯದ್ದು ಪ್ರಕೃತಿಯದ್ದೇ, ಅದರಿಂದ ಕೆಡುಕಿಲ್ಲ.

ಘಟ್ಟದ ಕೆಳಗಿನವಳು

ಇಲ್ಲ ಅಣ್ಣ, ಅದನ್ನು ಒಪ್ಪುವುದಿಲ್ಲ. ನನ್ನ ತವರು ಕಾರ್ಕಳದ ಕಡೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ತೊಗಟೆ ಜಜ್ಜಿ ಕಷಾಯ ಮಾಡಿ ಕುಡಿಯುತ್ತೇವೆ. ನಸುಕಿನ ಕತ್ತಲಲ್ಲಿ ಹೋಗಿ ಕಲ್ಲಿನಿಂದ ತೊಗಟೆ ತೆಗೆಯುವುದು ಪದ್ಧತಿ. ಆ ಕತ್ತಲಲ್ಲಿ ಹಾಲೆಯೆಂದು ಕಾಸರಕದ ತೊಗಟೆ ತಂದರೆ ಮನೆಗೆ ಮನೆಯೇ ಆಸ್ಪತ್ರೆ ಸೇರಬೇಕು. ಅದರ ತೊಗಟೆ, ಬೀಜ ಎರಡೂ ವಿಷ. ಅದಕ್ಕೇ ನಮ್ಮ ಅಜ್ಜ ಹಿಂದಿನ ದಿನವೇ ಹಗಲಿನಲ್ಲಿ ಹೋಗಿ ಮರಕ್ಕೆ ಗುರುತು ಹಾಕಿ ಬರುತ್ತಿದ್ದರು. ಕಾಸರಕವೂ ಪ್ರಕೃತಿಯದ್ದೇ ಅಲ್ಲವೇ?

ನಿಮ್ಮ ಕಳಲೆಯನ್ನೂ ನೀರು ಬದಲಾಯಿಸಿ ನೆನೆಸದೆ ಬೇಯಿಸುತ್ತೀರಾ? ಕೆಸುವಿಗೆ ಹುಳಿ ಹಾಕದೆ ಪತ್ರೊಡೆ ಮಾಡುತ್ತೀರಾ? ಹಿರಿಯರಿಗೆ ಈ ಎಚ್ಚರವಿತ್ತು.

ಔಷಧಿ ಅಂಗಡಿ, ಶಿವಮೊಗ್ಗ

ಅಕ್ಕ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಯನ್ನು ಮನಬಂದಂತೆ ಕುದಿಸಿ ಕುಡಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಬೇರೆ ಜಾತಿಯ ಬಳ್ಳಿಯನ್ನು ಕಿತ್ತು ತಂದದ್ದೇ ಕಾರಣವಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಯಾವುದೇ ಇರಲಿ, ಕುಡಿದವರಿಗೆ ತೊಂದರೆಯಾದದ್ದು ನಿಜ.

ಅರಿಶಿನವೂ ಹಾಗೆಯೇ. ಸಾರಿಗೆ ಚಿಟಿಕೆ ಹಾಕುವುದರಿಂದ ಏನೂ ಆಗುವುದಿಲ್ಲ. ಕ್ಯಾಪ್ಸೂಲಿನಲ್ಲಿ ಅದರ ಸತ್ವವನ್ನು ಗಟ್ಟಿ ಮಾಡಿ, ಮೈಗೆ ಬೇಗ ಸೇರಲಿ ಎಂದು ಕಾಳುಮೆಣಸಿನ ಸತ್ವವನ್ನೂ ಕೂಡಿಸಿರುತ್ತಾರೆ. ಅದನ್ನು ನುಂಗಿ ಕಾಮಾಲೆಯಾದವರಿದ್ದಾರೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ವಿಶೇಷವಾಗಿ ದೂರವಿರಬೇಕು. ಅಶ್ವಗಂಧವನ್ನು ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಆಯುರ್ವೇದ ವೈದ್ಯರು ನಾಡಿ ನೋಡಿ, ಕಾಲ ನೋಡಿ, ಇಷ್ಟು ದಿನ ಎಂದು ಹೇಳಿ ಕೊಡುತ್ತಾರೆ. ನೆಂಟರು ಕೊಡುವ ಡಬ್ಬದಲ್ಲಿ ಆ ‘ಇಷ್ಟು ದಿನ’ ಎನ್ನುವುದೇ ಇರುವುದಿಲ್ಲ.

ಆಗುಂಬೆ ಮಳೆ

ವಿಟಮಿನ್ ಡಿ ವಿಷಯ ಯಾರಾದರೂ ಹೇಳಿ. ಬಿಸಿಲಿಗೆ ನಿಲ್ಲಿ ಎನ್ನುತ್ತಾರೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖವೇ ಕಾಣುವುದಿಲ್ಲ. ಒಗೆದ ಬಟ್ಟೆಯನ್ನೇ ಒಲೆಯ ಮೇಲೆ ಒಣಗಿಸುತ್ತೇವೆ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಅದಕ್ಕೇ ಅಕ್ಟೋಬರ್‌ನಿಂದ ಮೇ ತನಕ ಸಿಗುವ ಬಿಸಿಲನ್ನು ಬಿಡಬಾರದು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಹೆಚ್ಚಾಗಿ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರ ನಡುವಿನ ಬಿಸಿಲಿಗೆ. ಏಳು ಗಂಟೆಯ ಎಳೆ ಬಿಸಿಲು ಹಿತವೇ ಹೊರತು ಅದಕ್ಕೆ ಸಾಲದು. ಕಿಟಕಿಯ ಗಾಜಿನ ಹಿಂದೆ ಕುಳಿತರೂ ಪ್ರಯೋಜನವಿಲ್ಲ. ಅಡಿಕೆ ಹರವುವ ಅಂಗಳದಲ್ಲಿ ತೋಳು, ಕಾಲು ಬಿಟ್ಟುಕೊಂಡು ಸ್ವಲ್ಪ ಹೊತ್ತು ಕೆಲಸ ಮಾಡಿದರೆ ಆಯಿತು. ತಯಾರಾದದ್ದು ಕೊಬ್ಬಿನಲ್ಲಿ ಕೂಡಿಟ್ಟುಕೊಳ್ಳುತ್ತದೆ, ಮಳೆಗಾಲಕ್ಕೆ ಅಷ್ಟಿಷ್ಟು ಒದಗುತ್ತದೆ.

ಔಷಧಿ ಅಂಗಡಿ, ಶಿವಮೊಗ್ಗ

ಕೊರತೆ ಪರೀಕ್ಷೆಯಲ್ಲಿ ಕಂಡರೆ 60,000 ಯೂನಿಟ್‌ನ ಪುಡಿಯನ್ನು ವಾರಕ್ಕೊಂದರಂತೆ ಎಂಟು ವಾರ ಬರೆಯುವುದು ರೂಢಿ. ಗಮನಿಸಿ, ವಾರಕ್ಕೊಂದು. ಚೀಟಿ ಓದದೆ ದಿನಕ್ಕೊಂದು ಕುಡಿದವರನ್ನು ನೋಡಿದ್ದೇನೆ, ಹಳೆಯ ಚೀಟಿ ತೋರಿಸಿ ವರ್ಷವಿಡೀ ಕೊಳ್ಳಲು ಬರುವವರನ್ನೂ ನೋಡಿದ್ದೇನೆ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ಹಾನಿ.

ಕಸರತ್ತು, ವಿನೋಬನಗರ

ನಾನು ವ್ಯಾಯಾಮ ಕಲಿಸುವವನು. ತಂಬುಳಿ, ಕಷಾಯ ಎಂದು ಎಲ್ಲರೂ ಹೊಗಳುತ್ತಿದ್ದೀರಿ, ನನಗೂ ಇಷ್ಟ. ಆದರೆ ನಮ್ಮ ಮಲೆನಾಡಿನ ಸಸ್ಯಾಹಾರಿ ತಟ್ಟೆಯನ್ನು ಸರಿಯಾಗಿ ನೋಡಿ. ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ತಂಬುಳಿಯಲ್ಲಿ ಒಂದು ಹಿಡಿ ಸೊಪ್ಪು, ಸ್ವಲ್ಪ ಕಾಯಿ, ಮಜ್ಜಿಗೆ. ಪ್ರೋಟೀನ್ ಎಲ್ಲಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 0.83 ಗ್ರಾಂ, ಅಂದರೆ 60 ಕಿಲೋ ಇರುವವರಿಗೆ ದಿನಕ್ಕೆ 50 ಗ್ರಾಂ ಬೇಕು. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಗ್ರಾಂ ಇದೆ. ಹುರುಳಿ ಕಟ್ಟಿನ ಸಾರು ಮಾಡಿ ಕಾಳನ್ನು ದನಕ್ಕೆ ಹಾಕುವ ಮನೆಗಳನ್ನು ಕಂಡು ನನಗೆ ಅಳು ಬರುತ್ತದೆ. ಕಾಳನ್ನೇ ಪಲ್ಯ ಮಾಡಿ ತಿನ್ನಿ. ಡಬ್ಬದ ಪುಡಿ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಪ್ರೋಟೀನ್ ಪುಡಿ ಬೇಡ ಎಂದೇ ಹೇಳಿದೆ.

ಅಮ್ಮನಿಗೆ ನಡಿಗೆಯ ಜೊತೆ ಇನ್ನೊಂದು ಹೇಳಿಕೊಡಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಮಳೆ ಸುರಿಯುವಾಗ ಜಗಲಿಯ ಮೇಲೆಯೇ ಮಾಡಬಹುದು. ತೊಡೆಯ ಬಲ ಹೋದ ಮೇಲೆ ಮಂಡಿ ನೋವಿಗೆ ಯಾವ ಕ್ಯಾಲ್ಸಿಯಂ ಮಾತ್ರೆಯೂ ಆಸರೆಯಾಗುವುದಿಲ್ಲ.

ತೋಟದ ಮನೆ, ಸಾಗರ

ನಡಿಗೆಯ ಮಾತು ನೂರಕ್ಕೆ ನೂರು ನಿಜ. ಮೊದಲು ದರಗು ಗುಡಿಸಿ ತರುವುದು, ಸೊಪ್ಪು ಹೊರುವುದು, ಕೊಟ್ಟಿಗೆ ಕೆಲಸ ಎಲ್ಲ ಮೈಯಲ್ಲೇ. ಈಗ ತೋಟಕ್ಕೂ ಸ್ಕೂಟರಿನಲ್ಲಿ ಹೋಗುತ್ತಾರೆ. ಊಟ ಮಾತ್ರ ಹಿಂದಿನಷ್ಟೇ. ಊಟದ ಮೇಲೆ ಒಂದು ಕವಳ ಹಾಕಿದರೆ ಜೀರ್ಣಕ್ಕೂ ಒಳ್ಳೆಯದು.

ಘಟ್ಟದ ಕೆಳಗಿನವಳು

ಕವಳದಲ್ಲಿ ಅಡಿಕೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ತಂಬಾಕು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ.

ತೋಟದ ಮನೆ, ಸಾಗರ

ಎಲೆಚುಕ್ಕಿ ರೋಗದಿಂದ ಅರ್ಧ ತೋಟ ಹೋಗಿದೆ, ಕೊಳೆ ರೋಗಕ್ಕೆ ಮದ್ದು ಹೊಡೆದು ಕೈ ಸೋತಿದೆ. ಅದರ ಮೇಲೆ ಇಂಥ ಮಾತು ಕೇಳಬೇಕೇ? ಈ ಜಿಲ್ಲೆಯ ಅನ್ನವೇ ಅಡಿಕೆ.

ನಿರ್ವಾಹಕ

ಅಡಿಕೆಗೆ ಬೇರೆ ಚರ್ಚೆ ತೆರೆಯೋಣ. ಬೆಳೆಯುವವರ ಸಂಕಟವೂ ದೊಡ್ಡದು, ತಿನ್ನುವವರ ಬಾಯಿಯೂ ಮುಖ್ಯ, ಎರಡು ಸಾಲಿನಲ್ಲಿ ಮುಗಿಯುವುದಲ್ಲ. ಇಲ್ಲಿ ಹೊಸನಗರದ ಅಮ್ಮನ ವಿಷಯಕ್ಕೆ ಬನ್ನಿ.

ಸೊಪ್ಪಿನಜ್ಜಿ, ಕೊಪ್ಪ

ಮಗಳೇ, ನಾನು ಎಪ್ಪತ್ತು ದಾಟಿದವಳು, ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನಾನು ಸಣ್ಣವಳಿದ್ದಾಗ ನಮ್ಮ ಘಟ್ಟದಲ್ಲಿ ಕುತ್ತಿಗೆಯಲ್ಲಿ ಗಂಟು ಊದಿದ ಹೆಂಗಸರು ಎಷ್ಟೋ ಜನ ಇದ್ದರು. ಅವರೂ ಸೊಪ್ಪು ತಿಂದವರೇ, ಗುಡ್ಡ ಹತ್ತಿದವರೇ. ಈಗ ಹುಡುಕಿದರೂ ಅಷ್ಟು ಕಾಣುವುದಿಲ್ಲ. ಮೇಷ್ಟ್ರು ಇದರ ಕಾರಣ ಹೇಳಲಿ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಅಮ್ಮ, ನೀವು ಹೇಳಿದ್ದು ಗಳಗಂಡ. ಘಟ್ಟದ ಮಳೆ ಮಣ್ಣಿನ ಅಯೋಡಿನನ್ನು ತೊಳೆದು ಸಮುದ್ರಕ್ಕೆ ಸೇರಿಸುತ್ತದೆ. ಮಣ್ಣಿನಲ್ಲಿ ಇಲ್ಲದ ಮೇಲೆ ಸೊಪ್ಪಿನಲ್ಲಿ ಎಲ್ಲಿಂದ ಬರಬೇಕು? 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು, ಮುಂದೆ ಅಡುಗೆ ಉಪ್ಪಿಗೆಲ್ಲ ಅಯೋಡಿನ್ ಬೆರೆಸಲು ತೊಡಗಿದರು. ತೋಟದ ಮನೆಯವರೇ, ನೀವೂ ದಿನಕ್ಕೆ ಮೂರು ಹೊತ್ತು ತಿನ್ನುತ್ತಿರುವ ಪೂರಕ ಇದು.

ಈಗ ಸೈಂಧವ ಲವಣವೇ ಶ್ರೇಷ್ಠ ಎಂದು ಅಯೋಡಿನ್ ಉಪ್ಪನ್ನು ಬಿಡುತ್ತಿರುವವರನ್ನು ಕಂಡು ಭಯವಾಗುತ್ತಿದೆ. ಅದರಲ್ಲಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಮಳೆಗಾಲದಲ್ಲಿ ತೆರೆದ ಮರಿಗೆಯಲ್ಲಿ ಉಪ್ಪು ನೀರಾಗಲು ಬಿಟ್ಟರೂ ಅಯೋಡಿನ್ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಸಾರು ಇಳಿಸುವ ಹೊತ್ತಿಗೆ ಹಾಕಿ.

ತೋಟದ ಮನೆ, ಸಾಗರ

ಉಪ್ಪಿನ ವಿಷಯ ನಾನು ಹೀಗೆ ಯೋಚಿಸಿರಲಿಲ್ಲ, ಮೇಷ್ಟ್ರೇ. ನಾವೂ ಮಣ್ಣು ಪರೀಕ್ಷೆ ಮಾಡಿಸದೆ ತೋಟಕ್ಕೆ ಸುಣ್ಣ ಹಾಕುವುದಿಲ್ಲ. ಹುಳಿ ಎಷ್ಟಿದೆ ಎಂದು ನೋಡಿಯೇ ಹಾಕುವುದು. ಮೈಗೂ ಅದೇ ಲೆಕ್ಕ ಎನ್ನುವುದಾದರೆ ಒಪ್ಪುತ್ತೇನೆ. ಆದರೆ ಪರೀಕ್ಷೆಯಿಲ್ಲದೆ ಏಳು ಡಬ್ಬ ಕೊಡಿಸುವವರನ್ನು ಇವತ್ತಿಗೂ ಒಪ್ಪುವುದಿಲ್ಲ.

ಆರೋಗ್ಯ ಮಿತ್ರ, ಭದ್ರಾವತಿ

ಮಂಗನ ಕಾಯಿಲೆಯ ಬಗ್ಗೆ ಆಶಾ ಅಕ್ಕ ಹೇಳಿದ್ದನ್ನು ನಮ್ಮ ಗುಂಪಿನಲ್ಲಿ ಹಾಕುತ್ತೇನೆ. ಆದರೆ ಮಲ್ಟಿವಿಟಮಿನ್ ಯಾರಿಗೂ ಬೇಡ ಎಂಬ ವಾದವನ್ನು ಒಪ್ಪುವುದಿಲ್ಲ. ಒಂಟಿಯಾಗಿರುವ ವೃದ್ಧರು ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡುತ್ತಾರೆ. ಅವರಿಗೆ ಹುರುಳಿ ಪಲ್ಯ ಯಾರು ಮಾಡಿಕೊಡುತ್ತಾರೆ?

ಕಸರತ್ತು, ವಿನೋಬನಗರ

ಆ ಪ್ರಶ್ನೆ ನ್ಯಾಯವಾದದ್ದು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮನೆಗಳು ನಮ್ಮಲ್ಲಿ ಎಷ್ಟಿವೆ! ಅಂಥವರಿಗೆ ವೈದ್ಯರು ಹೇಳಿದರೆ ಮಾತ್ರೆ ಇರಲಿ. ಆದರೆ ಆ ದುಡ್ಡಿನಲ್ಲಿ ಹಾಲು, ಹೆಸರುಕಾಳು, ತಿನ್ನುವವರಾದರೆ ಮೊಟ್ಟೆ ತಲುಪಿಸುವ ಏರ್ಪಾಡು ಮಾಡಿದರೆ ಹೆಚ್ಚು ದಕ್ಕುತ್ತದೆ.

ಹೊಸನಗರದ ಮಗಳು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ತಮ್ಮನಿಗೂ ಓದಿಸಿದೆ. ಅಮ್ಮನಿಗೆ ಒಮೆಗಾ-3 ಡಬ್ಬದ ಚೀಟಿ ಓದಿ ಹೇಳಿದಾಗ ಅದು ಮೀನೆಣ್ಣೆ ಎಂದು ಗೊತ್ತಾಗಿ ಬಹಳ ನೊಂದುಕೊಂಡರು. ಮಾರಿದ ನೆಂಟರು ಹೇಳಿರಲಿಲ್ಲ. ಗಾರ್ಸಿನಿಯಾ, ಅರಿಶಿನ, ಅಶ್ವಗಂಧ ಇವತ್ತಿನಿಂದಲೇ ಬಂದ್. ಬೆಳಗಿನ ಪುಡಿಯ ಬದಲು ರೊಟ್ಟಿಯ ಜೊತೆ ಕಾಳಿನ ಪಲ್ಯ. ಶುಕ್ರವಾರ ವೈದ್ಯರನ್ನು ಕಾಣುತ್ತೇವೆ, ಬಿ12, ವಿಟಮಿನ್ ಡಿ, ಯಕೃತ್ತಿನ ಪರೀಕ್ಷೆ ಕೇಳುತ್ತೇನೆ. ಬಿ12 ಕಡಿಮೆ ಬಂದರೆ ಚುಚ್ಚುಮದ್ದೇ ಆಗಬೇಕೇ? ಅಮ್ಮನಿಗೆ ಸೂಜಿಯೆಂದರೆ ಹೆದರಿಕೆ.

ಔಷಧಿ ಅಂಗಡಿ, ಶಿವಮೊಗ್ಗ

ಕೊರತೆ ಎಷ್ಟಿದೆ, ನರದ ತೊಂದರೆ ಎಷ್ಟಿದೆ ಎನ್ನುವುದರ ಮೇಲೆ ವೈದ್ಯರು ನಿರ್ಧರಿಸುತ್ತಾರೆ. ನರಕ್ಕೆ ಪೆಟ್ಟು ಬಿದ್ದಿದ್ದರೆ ಮೊದಲಿಗೆ ಚುಚ್ಚುಮದ್ದು ಕೊಡುವುದೇ ಹೆಚ್ಚು. ಅನೇಕರಿಗೆ 1,000 ಮೈಕ್ರೋಗ್ರಾಂನ ಮಾತ್ರೆಯೂ ಸಾಕಾಗುತ್ತದೆ. ಬಿ12 ನೋಡದೆ ಫೋಲಿಕ್ ಆಮ್ಲ ಮಾತ್ರ ಹೆಚ್ಚು ತೆಗೆದುಕೊಳ್ಳಬೇಡಿ, ರಕ್ತ ಸುಧಾರಿಸಿದಂತೆ ಕಂಡು ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಮೆಟ್‌ಫಾರ್ಮಿನ್ ಮತ್ತು ಥೈರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಡಬ್ಬದಿಂದ ತೊಂದರೆಯಾಗಿದೆ ಎನಿಸಿದರೆ ಕೇಂದ್ರ ಸರ್ಕಾರದ ಔಷಧ ಅಡ್ಡಪರಿಣಾಮ ನಿಗಾ ವ್ಯವಸ್ಥೆಯ ಉಚಿತ ಸಂಖ್ಯೆ 1800-180-3024ಕ್ಕೆ ತಿಳಿಸಬಹುದು. ಮಲ್ಟಿವಿಟಮಿನ್‌ನಲ್ಲಿ ಬಯೋಟಿನ್ (ಒಂದು ಬಗೆಯ ಬಿ ವಿಟಮಿನ್) ಎಂದು ಬರೆದಿದೆಯೇ ನೋಡಿ. ಅದರ ಪ್ರಮಾಣ ಹೆಚ್ಚಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲ ತಪ್ಪಾಗಿ ಬರುತ್ತದೆ. ಶುಕ್ರವಾರಕ್ಕೆ ಮುನ್ನ ಎಷ್ಟು ದಿನ ನಿಲ್ಲಿಸಬೇಕು ಎಂದು ಪ್ರಯೋಗಾಲಯಕ್ಕೆ ನಾಳೆಯೇ ಫೋನ್ ಮಾಡಿ ಕೇಳಿಕೊಳ್ಳಿ.